ಹಕ್ಕುಬಿಡುಗಡೆ ಬರೆಯುತ್ತಿದ್ದ ಅಕ್ಕ

ನಮ್ಮ ಆಫೀಸಿನ ಮೂಲೆಯಲ್ಲಿ ಒಂದು ಒಳ್ಳೆಯ ಜೆರಾಕ್ಸ್ ಮೆಷಿನ್ ಇತ್ತು. ಆದರೂ ಅಕ್ಕ ಗಂಡಸರನ್ನು ಜೆರಾಕ್ಸ್ ಮಾಡಿಸಲು ಬಸ್‌ಸ್ಟ್ಯಾಂಡಿನ ತನಕ ಓಡಿಸುತ್ತಿದ್ದರು. ಮೆಷಿನಿನ ಮೇಲೆ ಹಳೆಯ ಬೈರಾಸು ಹೊದೆಸಿ, "ಅದು ಹಾಳಾಗಿದೆ ಮಾರಾಯ್ರೆ. ಬಸ್‌ಸ್ಟ್ಯಾಂಡಿನ ಹತ್ತಿರ ಅಂಗಡಿ ಉಂಟು. ಆಧಾರ್ ಕಾರ್ಡಿನದ್ದು ಮೂರು ಮೂರು ಕಾಪಿ, ಎರಡೂ ಬದಿ," ಎಂದು ಮುಖ ಸಣ್ಣದು ಮಾಡಿಕೊಂಡು ಹೇಳುತ್ತಿದ್ದರು. ಬಂದ ಅಣ್ಣನೋ ತಮ್ಮನೋ ಗೊಣಗುತ್ತಾ ಮೆಟ್ಟಿಲಿಳಿದು ಹೋದ ಮೇಲೆ ಅಕ್ಕ ಕನ್ನಡಕ ಏರಿಸಿ, ಬೆಂಚಿನ ತುದಿಯಲ್ಲಿ ಮುದುಡಿ ಕೂತ ಹೆಂಗಸಿನ ಕಡೆ ತಿರುಗುತ್ತಿದ್ದರು. "ಬಲೆ, ಕುಲ್ಲುಲೆ," ಎಂದು ತುಳುವಿನಲ್ಲಿ ಕರೆದು ತನ್ನ ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಳ್ಳುತ್ತಿದ್ದರು. ಹೋಗಿ ಬರಲು ಹತ್ತು ನಿಮಿಷ. ಅಂಗಡಿಯಲ್ಲಿ ಜನ ಇದ್ದರೆ ಹದಿನೈದು.

ಕಾರ್ಕಳದಲ್ಲಿ ದಸ್ತಾವೇಜು ಬರೆಯುವವರೊಬ್ಬರ ಆಫೀಸು ಅದು. ಅವರನ್ನು ಊರಿನವರೆಲ್ಲ ರೈಟರು ಎನ್ನುತ್ತಿದ್ದರು. ರೈಟರು ಕೋರ್ಟು, ತಾಲೂಕು ಆಫೀಸು ಎಂದು ಸುತ್ತುವವರು. ಬರೆಯುವ ಕೆಲಸವೆಲ್ಲ ಅಕ್ಕನದು. ಕ್ರಯಪತ್ರ, ಪಾಲುಪಟ್ಟಿ, ದಾನಪತ್ರ ಎಲ್ಲ ಬರುತ್ತಿದ್ದವು. ಆದರೆ ಹೆಚ್ಚಾಗಿ ಬರುತ್ತಿದ್ದದ್ದು ಹಕ್ಕುಬಿಡುಗಡೆ ಪತ್ರ. ತವರಿನ ಜಾಗದಲ್ಲಿ, ಮನೆಯಲ್ಲಿ ನನಗೆ ಪಾಲು ಬೇಡ, ಎಲ್ಲವೂ ಅಣ್ಣನಿಗೇ ಇರಲಿ ಎಂದು ಹೆಣ್ಣುಮಕ್ಕಳು ಬರೆದುಕೊಡುವ ಪತ್ರ. ನಾನು ಬಜಗೋಳಿಯಿಂದ ದಿನಾ ಬಸ್ಸಿನಲ್ಲಿ ಬಂದು ಅಲ್ಲಿ ಟೈಪಿಂಗ್ ಕೆಲಸಕ್ಕೆ ಸೇರಿದಾಗ ನನಗೆ ಕಾಲೇಜು ಮುಗಿದು ಎರಡು ತಿಂಗಳಾಗಿತ್ತಷ್ಟೆ. ಕಾನೂನು ಬಂದಿದೆ, ಹೆಣ್ಣಿಗೂ ಸಮಪಾಲು ಉಂಟು ಎಂದು ಪರೀಕ್ಷೆಯಲ್ಲಿ ಬರೆದು ಬಂದವಳು ನಾನು. ಆ ಸಮಪಾಲನ್ನು ಕಂಪ್ಯೂಟರಿನಲ್ಲಿ ದಿನಕ್ಕೊಂದರಂತೆ ಅಳಿಸುವುದೇ ನನ್ನ ಉದ್ಯೋಗವಾಯಿತು.

ಮೊದಲ ದಿನ ಅಕ್ಕ ಕಲಿಸಿದ ಪಾಠ ಇದು: "ನೋಡು ಹುಡುಗಿ, ಗಂಡಸರ ಹೆಸರು ತಪ್ಪಾದರೆ ಅವರೇ ಬಂದು ಬೊಬ್ಬೆ ಹೊಡೀತಾರೆ. ಹೆಂಗಸರ ಹೆಸರು ತಪ್ಪಾದರೆ ಯಾರಿಗೂ ಗೊತ್ತಾಗುವುದಿಲ್ಲ. ಹಾಗಾಗಿ ಹೆಂಗಸರದ್ದು ಎರಡು ಸಲ ನೋಡು."

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅವರಿಗೆ ಅದು ಇಷ್ಟವಾಗುತ್ತಿರಲಿಲ್ಲ. ಸಪೂರ ಆಳು, ಎಣ್ಣೆ ಹಾಕಿ ಬಿಗಿದು ಕಟ್ಟಿದ ತುರುಬು, ತುರುಬಿಗೆ ಸಿಕ್ಕಿಸಿದ ಒಂದು ನೀಲಿ ಪೆನ್ನು. ಹೂ ಮುಡಿಯುವ ಜಾಗದಲ್ಲಿ ಪೆನ್ನು ಯಾಕೆ ಎಂದು ಯಾರಾದರೂ ತಮಾಷೆ ಮಾಡಿದರೆ, "ಹೂ ಸಂಜೆಗೆ ಬಾಡ್ತದೆ, ಇದು ಮೂರು ತಿಂಗಳು ಬರ್ತದೆ," ಎನ್ನುತ್ತಿದ್ದರು. ಮೇಜಿನ ಡ್ರಾಯರಿನಲ್ಲಿ ಒಂದು ಸಣ್ಣ ಬಾಟಲಿ ತೆಂಗಿನೆಣ್ಣೆ, ಒಂದು ಬಟ್ಟೆ ಚೂರು. ಹೆಬ್ಬೆಟ್ಟು ಒತ್ತಿದ ಹೆಂಗಸರ ಬೆರಳನ್ನು ತಾವೇ ಹಿಡಿದು ಎಣ್ಣೆ ಹಚ್ಚಿ ಶಾಯಿ ಒರೆಸುತ್ತಿದ್ದರು. ಗಂಡಸರು ಗೋಡೆಗೆ ಒರೆಸಿಕೊಂಡು ಹೋಗುತ್ತಿದ್ದರು; ಅವರಿಗೆ ಬಾಟಲಿ ಹೊರಗೆ ಬರುತ್ತಿರಲಿಲ್ಲ. ಕೆಲಸವಾದ ಖುಷಿಯಲ್ಲಿ ಅಣ್ಣಂದಿರು ತರಿಸುವ ಚಹಾವನ್ನು ಅವರು ಒಂದು ದಿನವೂ ಕುಡಿಯಲಿಲ್ಲ. ನನಗೆ ಮಾತ್ರ, "ನೀನು ಕುಡಿ, ನಿನಗೆಂತ," ಎನ್ನುತ್ತಿದ್ದರು.

ಆ ಹತ್ತು ನಿಮಿಷಗಳಲ್ಲಿ ಅವರು ಮಾಡುತ್ತಿದ್ದದ್ದು ಎರಡೇ ಕೆಲಸ. ಒಂದು, ಪತ್ರವನ್ನು ಮೊದಲಿನಿಂದ ಕೊನೆಯ ತನಕ ಓದಿ ತುಳುವಿನಲ್ಲಿ ಅರ್ಥ ಹೇಳುವುದು. "ಅಣ್ಣ ಹೇಳಿದ್ದಾನೆ ಅಕ್ಕ, ಗೊತ್ತುಂಟು," ಎಂದರೂ ಬಿಡುತ್ತಿರಲಿಲ್ಲ. "ಅಣ್ಣ ಹೇಳಿದ್ದು ಬೇರೆ, ಕಾಗದ ಹೇಳುವುದು ಬೇರೆ. ಕೇಳಿ." ಇನ್ನೊಂದು, ಒಂದು ಪ್ರಶ್ನೆ. "ನಾಳೆ ಗಂಡನ ಮನೆಯಲ್ಲಿ ಎಂತದೋ ಆಗಿ ಬ್ಯಾಗ್ ಹಿಡ್ಕೊಂಡು ಹೊರಟಿರಿ ಅಂತ ಇಟ್ಕೊಳ್ಳಿ. ಯಾವ ಬಸ್ಸು ಹತ್ತುತ್ತೀರಿ?"

ಹೆಚ್ಚಿನವರು ನಗುತ್ತಿದ್ದರು. "ನಮ್ಮವರು ಹಾಗೆಲ್ಲ ಇಲ್ಲ ಅಕ್ಕ." ಕೆಲವರು ಅಳುತ್ತಿದ್ದರು. ಬನ್ನಂಜೆ ಕಡೆಯ ಲೆಕ್ಚರರ್ ಒಬ್ಬರು, ಮಕ್ಕಳಿಗೆ ಕಾನೂನನ್ನೇ ಕಲಿಸುವವರು, ಸಿಟ್ಟಾದರು. "ನನಗೆ ಎಲ್ಲ ಗೊತ್ತುಂಟು. ಸೈನ್ ಹಾಕದಿದ್ದರೆ ಅಣ್ಣನಿಗೆ ಬೇಜಾರಾಗ್ತದೆ. ಅಮ್ಮನ ವರ್ಷಾಂತಕ್ಕೆ ನನ್ನನ್ನು ಕರೆಯುವುದು ಬೇಡವಾ?" ಅಕ್ಕ ಸುಮ್ಮನೆ ತುರುಬಿನ ಪೆನ್ನು ತೆಗೆದು ಅವರ ಕೈಗೆ ಕೊಟ್ಟರು. ಅವರು ಹೋದ ಮೇಲೆ ನನ್ನೊಡನೆ, "ಅವರು ಹೇಳಿದ್ದೂ ಸರಿಯೇ ಮಾರಾಯ್ತಿ. ಪಾಲು ಇಟ್ಕೊಂಡರೆ ಅಣ್ಣ ಹೋಗ್ತಾನೆ, ಅಣ್ಣನನ್ನು ಇಟ್ಕೊಂಡರೆ ಪಾಲು ಹೋಗ್ತದೆ. ಎರಡೂ ಉಳಿದವರನ್ನು ನಾನು ನೋಡ್ಲಿಲ್ಲ," ಎಂದರು.

ನಮ್ಮ ಸೀಮೆಯ ಜನರಿಗೆ ಈ ವಿಷಯದಲ್ಲಿ ಒಂದು ಜಂಬ ಉಂಟು. ಇಲ್ಲಿ ಬಹಳ ಕುಟುಂಬಗಳಲ್ಲಿ ಅಳಿಯಕಟ್ಟು. ವಂಶ ನಡೆಯುವುದು ಹೆಣ್ಣಿನಿಂದ, ಮಕ್ಕಳು ಸೇರುವುದು ತಾಯಿಯ ಕುಟುಂಬಕ್ಕೆ. ಆಫೀಸಿಗೆ ಬರುವ ಮಾವಂದಿರು ಅದನ್ನು ಹೇಳದೆ ಬಿಡುತ್ತಿರಲಿಲ್ಲ. "ಬೇರೆ ಕಡೆಯ ಹಾಗಲ್ಲ ಅಕ್ಕ, ನಮ್ಮಲ್ಲಿ ಹೆಣ್ಣೇ ಯಜಮಾನಿ." ಅಕ್ಕ ಕಾಗದದಿಂದ ಕಣ್ಣೆತ್ತದೆ, "ಹೌದು ಹೌದು. ಯಜಮಾನಿಯನ್ನು ಸೈನ್ ಹಾಕ್ಲಿಕ್ಕೆ ಕರ್ಕೊಂಡು ಬಂದಿದ್ದೀರಲ್ಲ, ಕಾಣ್ತದೆ," ಎನ್ನುತ್ತಿದ್ದರು. ಮಾವಂದಿರಿಗೆ ಅದು ಹೊಗಳಿಕೆಯಂತೆಯೇ ಕೇಳಿಸುತ್ತಿತ್ತು.

ಒಮ್ಮೆ ಒಬ್ಬಳು ಓಡಿಹೋದಳು. ಚಿಕ್ಕ ಹುಡುಗಿ, ಮದುವೆಯಾಗಿ ವರ್ಷವಾಗಿರಬೇಕು. ಅಕ್ಕ ಬಸ್ಸಿನ ಪ್ರಶ್ನೆ ಕೇಳಿದ್ದೇ ತಡ, ಬ್ಯಾಗು ಹೆಗಲಿಗೆ ಹಾಕಿಕೊಂಡು, "ಬಾತ್‌ರೂಮಿಗೆ ಹೋಗಿ ಬರ್ತೇನೆ," ಎಂದಳು. ಹಿಂದಿನ ಬಾಗಿಲಿನಿಂದ ಇಳಿದು ಸೀದಾ ಗಂಡನ ಮನೆಯ ಬಸ್ಸು ಹತ್ತಿದಳು. ಅವಳ ಅಣ್ಣ ಜೆರಾಕ್ಸ್ ಹಿಡಿದು ಬಂದವನು ಮುಕ್ಕಾಲು ಗಂಟೆ ಕಾದ. ರೈಟರು ಬಂದು ಅಕ್ಕನ ಮೇಲೆ ರೇಗಿದ್ದೇ ರೇಗಿದ್ದು. ಅಕ್ಕ ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡು, ಸಂಜೆ ನನ್ನನ್ನು ಹೋಟೆಲಿಗೆ ಕರೆದುಕೊಂಡು ಹೋಗಿ ಬನ್ಸ್ ತಿನ್ನಿಸಿದರು. ಅವರು ಅಷ್ಟು ನಕ್ಕದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಎರಡು ತಿಂಗಳ ಮೇಲೆ ಅದೇ ಹುಡುಗಿ ಅದೇ ಅಣ್ಣನ ಜೊತೆ ಮತ್ತೆ ಬಂದಳು. ಈ ಸಲ ಅವಳೇ ಮೊದಲು ಮಾತಾಡಿದಳು. "ಅಮ್ಮ ನನ್ನ ಫೋನ್ ತೆಗೆಯುವುದಿಲ್ಲ ಅಕ್ಕ. ಸೈನ್ ಹಾಕ್ತೇನೆ, ಬೇಗ ಕೊಡಿ." ಅಕ್ಕ ಆ ದಿನ ಯಾರನ್ನೂ ಜೆರಾಕ್ಸಿಗೆ ಕಳಿಸಲಿಲ್ಲ.

ಇನ್ನೊಂದು ಸಲ ಅವರ ಕೆಲಸವೇ ಹೋಗಬಹುದಿತ್ತು. ಈ ಪತ್ರಗಳಲ್ಲಿ ಒಂದು ಸಾಲು ಖಾಯಂ ಇರುತ್ತದೆ: "ನಾನು ಯಾರ ಒತ್ತಾಯವೂ ಇಲ್ಲದೆ ಸ್ವಸಂತೋಷದಿಂದ ಬರೆದುಕೊಟ್ಟಿರುತ್ತೇನೆ." ವಯಸ್ಸಾದ ಹೆಂಗಸೊಬ್ಬರು ಇಡೀ ಹೊತ್ತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಅವರ ಪತ್ರ ನೋಂದಣಿಗೆ ಹೋಗುವ ಮೊದಲು ರೈಟರು ಓದಿ ನೋಡಿದರೆ ಆ ಸಾಲಿನಲ್ಲಿ ಸ್ವಸಂತೋಷವೇ ಇಲ್ಲ. "ಇದೆಂತದು, ಬಿಟ್ಟುಹೋಯಿತಾ?" ಎಂದು ಕೇಳಿದರು. ನನ್ನ ತಪ್ಪು ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಎದ್ದು ನಿಂತರು. "ಬಿಟ್ಟುಹೋದದ್ದಲ್ಲ ರೈಟ್ರೆ, ನಾನೇ ತೆಗೆದದ್ದು. ಅವರು ಅಳ್ತಾ ಇದ್ದಾರೆ. ಅಳುವವರ ಬಾಯಲ್ಲಿ ಸಂತೋಷ ಅಂತ ಹೇಗೆ ಬರೆಯುವುದು?" ರೈಟರು ಕೆಟ್ಟವರಲ್ಲ. "ಬರೀರಿ ಅಕ್ಕ, ಇಲ್ಲದಿದ್ದರೆ ವಾಪಸ್ ಬರ್ತದೆ," ಎಂದಷ್ಟೇ ಹೇಳಿದರು. ಅಕ್ಕ ಬರೆದರು.

ಅವರದೇ ಕತೆ ನನಗೆ ತಿಳಿದದ್ದು ತುಂಡು ತುಂಡಾಗಿ, ಮಧ್ಯಾಹ್ನದ ಬುತ್ತಿಯ ಹೊತ್ತಿಗೆ. ಊರು ಕಾಪು. ತಾಯಿಗೆ ಅವರು ಮತ್ತು ಅಣ್ಣ ಇಬ್ಬರೇ ಮಕ್ಕಳು. ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಮದುವೆ ನಿಶ್ಚಯವಾದ ವಾರ ಅಣ್ಣ ಬೈಕಿನಲ್ಲಿ ಕೂರಿಸಿಕೊಂಡು ಹೋಗಿ ಹಕ್ಕುಬಿಡುಗಡೆಗೆ ಸೈನ್ ಹಾಕಿಸಿದ. ಹಂಚಿನ ಮನೆ ಕೆಡವಿ ತಾರಸಿ ಮನೆ ಕಟ್ಟಲು ಬ್ಯಾಂಕಿನವರು ಒಬ್ಬರದೇ ಹೆಸರು ಕೇಳಿದ್ದರಂತೆ. "ಸೈನ್ ಹಾಕಿ ಹೊರಗೆ ಬಂದು ಇಬ್ಬರೂ ಗಡ್‌ಬಡ್ ಐಸ್‌ಕ್ರೀಮ್ ತಿಂದೆವು ಮಾರಾಯ್ತಿ. ನನ್ನ ಚೆರಿಯನ್ನು ಅಣ್ಣ ತಿಂದ, ಅದಕ್ಕೆ ನಾನು ಜಗಳ ಮಾಡಿದೆ. ಕಾಗದದ ಬಗ್ಗೆ ಒಂದು ಮಾತು ಕೇಳ್ಲಿಲ್ಲ." ಇದನ್ನು ಹೇಳುವಾಗ ಅವರು ನಗುತ್ತಿದ್ದರು. ಅಣ್ಣನನ್ನು ಅವರು ಒಂದು ದಿನವೂ ಬೈದದ್ದಿಲ್ಲ. ನನಗೆ ಆಗ ಅದು ಹುಚ್ಚು ಎನಿಸುತ್ತಿತ್ತು.

ಗಂಡನ ಮನೆ ಹೂಡೆಯ ಕಡೆ. ಗಂಡ ಮಸ್ಕತ್ತಿನಲ್ಲಿದ್ದ. ಮೊದಲು ಪ್ರತಿ ಶುಕ್ರವಾರ ಫೋನ್, ಆಮೇಲೆ ತಿಂಗಳಿಗೊಮ್ಮೆ, ಆಮೇಲೆ ಇಲ್ಲ. ಅಲ್ಲಿ ಅವನಿಗೆ ಬೇರೆ ಸಂಸಾರವಾಗಿದೆ ಎಂದು ತಿಳಿದದ್ದು ನೆರೆಯವರಿಂದ. ಅತ್ತೆ, "ಗಂಡ ಇಲ್ಲದ ಮೇಲೆ ಸೊಸೆ ಯಾಕೆ," ಎಂದು ಬಾಯಿಬಿಟ್ಟೇ ಹೇಳಿದರು. ಮಕ್ಕಳಿರಲಿಲ್ಲ. ಅಕ್ಕ ಒಂದು ಸೂಟ್‌ಕೇಸ್ ಹಿಡಿದು ಕಾಪುವಿಗೆ ಬಂದರು. ತಾಯಿ ತೀರಿಹೋಗಿದ್ದರು. ಹೊಸ ತಾರಸಿ ಮನೆಯಲ್ಲಿ ಅವರಿಗೆ ಕೊಟ್ಟ ಕೋಣೆಯನ್ನು ಎಲ್ಲರೂ ಗೆಸ್ಟ್ ರೂಮ್ ಎನ್ನುತ್ತಿದ್ದರು. ಅಣ್ಣನ ಮಗಳು ಆಗ ಕೈಗೂಸು, ಇವರ ಮಡಿಲಲ್ಲೇ ಮಲಗುತ್ತಿತ್ತು. ಮೂರು ತಿಂಗಳು ಕಳೆದ ಮೇಲೂ ಬಂದ ನೆಂಟರಿಗೆಲ್ಲ ಅತ್ತಿಗೆ, "ಎರಡು ದಿವಸ ಇದ್ದು ಹೋಗ್ಲಿಕ್ಕೆ ಬಂದದ್ದು," ಎಂದೇ ಹೇಳುತ್ತಿದ್ದರಂತೆ. ಒಂದು ದಿನ ಅಡುಗೆಮನೆಯಲ್ಲಿ ಮೀನು ತೊಳೆಯುತ್ತಿದ್ದಾಗ ಆ ಮಾತು ಕಿವಿಗೆ ಬಿತ್ತು. ಮೀನು ತೊಳೆದು, ಮಸಾಲೆ ಅರೆದು, ಸಾರು ಕುದಿಸಿಟ್ಟು, ಮರುದಿನ ಬೆಳಿಗ್ಗೆ ಹೊರಟರು. "ಯಾರೂ ಹೋಗು ಅನ್ಲಿಲ್ಲ. ಇರು ಅಂತಲೂ ಅನ್ಲಿಲ್ಲ," ಎಂದರು.

ಅಂದಿನಿಂದ ಕಾರ್ಕಳದಲ್ಲಿ ಒಬ್ಬರು ಕೊಂಕಣಿ ಬಾಯಮ್ಮನ ಮನೆಯ ಮಹಡಿಯಲ್ಲಿ ಒಂದು ಕೋಣೆ. ಅದು ಸಿಗುವ ಮೊದಲು ಏಳು ಮನೆಯವರು ಒಂಟಿ ಹೆಂಗಸಿಗೆ ಕೊಡುವುದಿಲ್ಲ ಎಂದಿದ್ದರು. ಬಾಯಮ್ಮ ಮಾತ್ರ, "ನಾನೂ ಒಂಟಿಯೇ ಅಲ್ವಾ, ಬಾ," ಎಂದರಂತೆ.

ಆದರೆ ವರ್ಷಕ್ಕೊಮ್ಮೆ ಕಾಪುವಿನಿಂದ ತಪ್ಪದೆ ಫೋನ್ ಬರುತ್ತಿತ್ತು. ಮನೆಯ ದೈವಕ್ಕೆ ತಂಬಿಲದ ಸೇವೆ ಕೊಡುವ ದಿನ ದೀಪ ಹಚ್ಚಲು ಕುಟುಂಬದ ಹೆಣ್ಣು ಬೇಕು. ಅಣ್ಣನ ಮಗಳು ಅವಳ ತಾಯಿಯ ಕುಟುಂಬಕ್ಕೆ ಸೇರಿದವಳು. ಈ ಕುಟುಂಬದ ಹೆಣ್ಣು ಎಂದು ಉಳಿದವರು ಅಕ್ಕ ಒಬ್ಬರೇ. ಆ ದಿನ ಅವರು ರಜೆ ಹಾಕಿ, ಬೆಳಗಿನ ಬಸ್ಸಿನಲ್ಲಿ ಹೋಗಿ, ದೀಪ ಹಚ್ಚಿ, ಸಂಜೆಯ ಬಸ್ಸಿಗೆ ವಾಪಸ್ ಬರುತ್ತಿದ್ದರು. ಮರುದಿನ ನನಗೆ ಬಾಳೆಲೆಯಲ್ಲಿ ಕಟ್ಟಿದ ಪ್ರಸಾದ. "ಅಲ್ಲೇ ಒಂದು ದಿನ ಇರಬಾರದಿತ್ತಾ ಅಕ್ಕ?" ಎಂದು ಕೇಳಿದರೆ, "ಗೆಸ್ಟ್ ರೂಮಿನಲ್ಲಿ ಈಗ ವಾಷಿಂಗ್ ಮೆಷಿನ್ ಇಟ್ಟಿದ್ದಾರೆ," ಎಂದು ಮಾತು ಮುಗಿಸುತ್ತಿದ್ದರು.

ಹೊಟ್ಟೆನೋವು ಎಂದು ಅವರು ಹೇಳತೊಡಗಿದ್ದು ಕಳೆದ ವರ್ಷ. ನಾನೇ ಬಲವಂತ ಮಾಡಿ ಮಣಿಪಾಲಕ್ಕೆ ಕರೆದುಕೊಂಡು ಹೋದೆ. ಅಷ್ಟರಲ್ಲಿ ತಡವಾಗಿತ್ತು. ಕೆಲವು ತಿಂಗಳು ಚಿಕಿತ್ಸೆ ನಡೆಯಿತು. ನಾನು, ಬಾಯಮ್ಮ ಸರದಿಯಲ್ಲಿ ಜೊತೆಗಿರುತ್ತಿದ್ದೆವು. ಕೊನೆಗೊಂದು ಬುಧವಾರ ಡಾಕ್ಟರು ನನ್ನನ್ನು ಹೊರಗೆ ಕರೆದು, ಇನ್ನು ಮಾಡುವುದೇನೂ ಇಲ್ಲ, ನೋವಿಗೆ ಔಷಧ ಕೊಡುತ್ತೇವೆ, ಮನೆಗೆ ಕರೆದುಕೊಂಡು ಹೋಗುವುದಾದರೆ ಹೋಗಬಹುದು ಎಂದು ಮೆತ್ತಗೆ ಹೇಳಿದರು. ನಾನು ಒಳಗೆ ಬಂದಾಗ ಅಕ್ಕನಿಗೆ ಎಲ್ಲ ಗೊತ್ತಾಗಿತ್ತು. ಬಾಯಮ್ಮನ ಮಹಡಿಯ ಮೆಟ್ಟಿಲು ಹತ್ತುವ ಶಕ್ತಿ ಅವರಿಗಿರಲಿಲ್ಲ. ನನ್ನ ಮನೆಗೆ ಬನ್ನಿ ಎಂದೆ. ಅವರು ನನ್ನ ಕೈ ಹಿಡಿದುಕೊಂಡರು.

"ಹುಡುಗಿ, ನನಗೆ ಕಾಪುವಿಗೆ ಹೋಗ್ಬೇಕು. ಅಮ್ಮ ಇದ್ದ ಜಾಗದಲ್ಲೇ ಜೀವ ಹೋಗ್ಬೇಕು. ಒಂದು ಸಲ ಅಣ್ಣನನ್ನು ಕೇಳಿ ನೋಡ್ತೀಯಾ? ಫೋನಿನಲ್ಲಿ ಬೇಡ. ಹೋಗಿ ಕೇಳು."

ಅಷ್ಟು ವರ್ಷಗಳಲ್ಲಿ ಅವರು ಯಾರಿಂದಲಾದರೂ ಏನನ್ನಾದರೂ ಕೇಳಿದ್ದು ಅದೊಂದೇ.

ಅದೇ ದಿನ ಮಧ್ಯಾಹ್ನ ಕಾಪುವಿಗೆ ಹೋದೆ. ಅಂಗಳದಲ್ಲಿ ಚಪ್ಪರದ ಕಂಬ ನೆಡುತ್ತಿದ್ದರು, ಗೋಡೆಗೆ ಹೊಸ ಬಣ್ಣ. ಭಾನುವಾರ ಮಗಳ ಮದುವೆ. ಅಣ್ಣ ದಪ್ಪಗೆ, ಮೆದು ಸ್ವಭಾವದವರು. ಅಕ್ಕನ ಹೆಸರೆತ್ತಿದ ಕೂಡಲೇ ಅವರ ಕಣ್ಣು ತುಂಬಿತು. ಅತ್ತಿಗೆ ಜ್ಯೂಸ್ ತಂದಿಟ್ಟು, ಎದುರು ಕೂತು, ಮಾತಾಡಿದರು.

"ಬೇಡ ಅಂತ ಹೇಳುವುದಲ್ಲ ಮಾರಾಯ್ರೆ. ಅವರ ಮನೆಯೇ ಅಲ್ವಾ? ಆದರೆ ಇಲ್ಲಿ ತಂದ ಮೇಲೆ ಎಂತಾದರೂ ಹೆಚ್ಚುಕಮ್ಮಿ ಆದರೆ? ಇವರಿಗೆ ಸೂತಕ ಬಂದರೆ ಧಾರೆ ಎರೆದು ಕೊಡುವುದು ಯಾರು? ಹುಡುಗನ ಕಡೆಯವರಿಗೆ ನಾವು ಎಂತ ಹೇಳುವುದು?"

ಅಣ್ಣ ಹೆಂಡತಿಯ ಮುಖ ನೋಡಿದರು, ನನ್ನ ಮುಖ ನೋಡಿದರು. "ಭಾನುವಾರ ಒಂದು ಕಳೀಲಿ. ಸೋಮವಾರ ಬೆಳಿಗ್ಗೆ ನಾನೇ ಕಾರು ತಕ್ಕೊಂಡು ಬರ್ತೇನೆ. ಅವಳಿಗೆ ಹೇಳಿ, ಸೋಮವಾರ ಅಣ್ಣ ಬರ್ತಾನೆ ಅಂತ. ಕೋಣೆ ಖಾಲಿ ಮಾಡಿಸ್ತೇನೆ."

ಗೇಟಿನ ತನಕ ಅತ್ತಿಗೆ ಬಂದರು. ನಮ್ಮಲ್ಲಿ ಒಂದು ಲೆಕ್ಕಾಚಾರ ಉಂಟು: ಸಾವಿನ ಸುದ್ದಿ ಕಿವಿಗೆ ಬಿದ್ದ ಮೇಲೆಯೇ ಸೂತಕ, ಬೀಳದಿದ್ದರೆ ಇಲ್ಲ. ಮದುವೆ ಮನೆಗಳಲ್ಲಿ ಸುದ್ದಿಯನ್ನು ಹೊಸ್ತಿಲ ಹೊರಗೇ ನಿಲ್ಲಿಸಿದ್ದನ್ನು ನಾನು ಮೊದಲೂ ಕೇಳಿದ್ದೆ. ಅತ್ತಿಗೆ ಸ್ವರ ತಗ್ಗಿಸಿ, "ಮಧ್ಯದಲ್ಲಿ ಎಂತಾದರೂ ಆದರೆ ಇವರಿಗೆ ಫೋನ್ ಮಾಡಬೇಡಿ. ನನಗೂ ಮಾಡಬೇಡಿ. ಸೋಮವಾರ ಹೇಳಿ," ಎಂದರು. ನನ್ನ ಕಾಲಿಂದ ಸಿಟ್ಟು ತಲೆಗೆ ಏರಿತು. ಆದರೆ ಅವರ ಕಣ್ಣಲ್ಲಿದ್ದದ್ದು ಕ್ರೌರ್ಯವಲ್ಲ, ಹೆದರಿಕೆ. ಮಗಳ ಮದುವೆ ನಿಂತುಹೋದರೆ ಆ ಮಗಳನ್ನು ಯಾರು ಕೇಳುತ್ತಾರೆ ಎಂಬ ಹೆದರಿಕೆ. ಹೆಂಗಸರ ಹೆದರಿಕೆಯನ್ನು ಆ ಆಫೀಸಿನಲ್ಲಿ ಅಷ್ಟು ನೋಡಿದ್ದವಳು, ಇವರೊಡನೆ ಜಗಳವಾಡದೆ ಕೈಮುಗಿದು ಬಂದೆ.

ಅಕ್ಕನಿಗೆ ಸೋಮವಾರದ ವಿಷಯ ಹೇಳಿದೆ. ಮುಖ ಅರಳಿತು. ಬಾಯಮ್ಮನಿಗೆ ಫೋನ್ ಮಾಡಿಸಿ ತನ್ನ ಎರಡು ಸೀರೆ, ಅಮ್ಮನ ಫೋಟೋ ತರಿಸಿ ಮಂಚದ ಕೆಳಗೆ ಬ್ಯಾಗಿನಲ್ಲಿ ಇಡಿಸಿದರು. ಸ್ವಲ್ಪ ಹೊತ್ತಿನ ಮೇಲೆ ಕಣ್ಣು ಮುಚ್ಚಿಕೊಂಡೇ ಕೇಳಿದರು.

"ಅತ್ತಿಗೆ ಫೋನ್ ಮಾಡಬೇಡ ಅಂದಿರಬೇಕಲ್ಲ?"

ನಾನು ಮಂಚದ ಕೆಳಗಿನ ಬ್ಯಾಗನ್ನು ಇನ್ನಷ್ಟು ಒಳಗೆ ತಳ್ಳಿದೆ.

"ಅವಳು ಹೇಳದಿದ್ದರೆ ನಾನೇ ಹೇಳ್ತಿದ್ದೆ. ಆ ಮಗು ನನ್ನ ಮಡಿಲಲ್ಲಿ ಮಲಗಿದ್ದದ್ದು. ಅವಳ ಮದುವೆ ನಿಲ್ಲಿಸಿದವಳು ಅಂತ ನನಗೆ ಹೆಸರು ಬೇಡ. ಭಾನುವಾರದ ಒಳಗೆ ಎಂತ ಆದರೂ ನೀನು ಬಾಯಿ ಬಿಡಬಾರದು. ಮಾತು ಕೊಡು."

"ನಿಮಗೆ ಸ್ವಲ್ಪವೂ ಸಿಟ್ಟು ಬರುವುದಿಲ್ವಾ ಅಕ್ಕ?" ನಾನು ಅತ್ತುಬಿಟ್ಟೆ. "ಬಂದವರಿಗೆಲ್ಲ ಬಿಟ್ಟುಕೊಡುವ ಮೊದಲು ಯೋಚನೆ ಮಾಡಿ ಅಂತ ಹೇಳ್ತೀರಿ. ನೀವು ಸಾಯುವುದನ್ನೂ ಬಿಟ್ಟುಕೊಡ್ತೀರಾ?"

"ಸಿಟ್ಟುಂಟು ಮಾರಾಯ್ತಿ," ಎಂದರು. "ಇಲ್ಲ ಅಂತ ಯಾರು ಹೇಳಿದ್ದು? ಸಿಟ್ಟಿಗೆ ಕೂರ್ಲಿಕ್ಕೆ ಒಂದು ಜಾಗ ಬೇಕಲ್ಲ. ಮಾತು ಕೊಡು."

ಕೊಟ್ಟೆ.

ಶುಕ್ರವಾರ ಮಧ್ಯಾಹ್ನ, ಊಟದ ತಟ್ಟೆಗಳನ್ನು ಒಯ್ಯುವ ಹೊತ್ತಿಗೆ, ಅಕ್ಕ ಹೋದರು. ಬಾಯಮ್ಮ ಜಪಮಾಲೆ ಹಿಡಿದು ಪಕ್ಕದಲ್ಲಿ ಕೂತಿದ್ದರು. ನಾನು ಅವರ ಪಾದ ಒತ್ತುತ್ತಿದ್ದೆ. ನರ್ಸ್ ಬಂದು ಮನೆಯವರು ಯಾರು ಎಂದು ಕೇಳಿದಳು. ಸೋಮವಾರ ಬರುತ್ತಾರೆ ಎಂದೆ. ಅವಳು ನನ್ನನ್ನು ವಿಚಿತ್ರವಾಗಿ ನೋಡಿ ಕಾಗದ ಮುಂದಿಟ್ಟಳು. ಸಂಬಂಧ ಎಂಬಲ್ಲಿ ತಂಗಿ ಎಂದು ಬರೆದು ಸಹಿ ಹಾಕಿದೆ. ಅಕ್ಕನನ್ನು ಶವಾಗಾರಕ್ಕೆ ಒಯ್ದರು. ಮೂರು ದಿನ ಅವರು ಆ ತಣ್ಣನೆಯ ಪೆಟ್ಟಿಗೆಯಲ್ಲಿದ್ದರು. ನಾನು ಶನಿವಾರ ಆಫೀಸಿಗೆ ಹೋಗಿ ಒಂದು ಹಕ್ಕುಬಿಡುಗಡೆ ಟೈಪ್ ಮಾಡಿದೆ. ಅಕ್ಕ ಹೇಗಿದ್ದಾರೆ ಎಂದು ರೈಟರು ಕೇಳಿದಾಗ, "ಸೋಮವಾರ ಮನೆಗೆ ಹೋಗ್ತಾರೆ," ಎಂದೆ. ಆ ಮಾತು ಸುಳ್ಳಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಭಾನುವಾರದ ಮದುವೆಗೆ ಅಣ್ಣ ಬುಧವಾರವೇ ನನಗೂ ಕರೆಯೋಲೆ ಕೊಟ್ಟಿದ್ದರು. ಹೋಗಲಿಲ್ಲ. ಮುಹೂರ್ತದ ಹೊತ್ತಿಗೆ ಗಡಿಯಾರ ನೋಡುತ್ತಾ ಮನೆಯಲ್ಲಿ ಕೂತಿದ್ದೆ. ನನ್ನ ತಮ್ಮಂದಿರು ಇನ್ನೂ ಸೈನ್ ಕೇಳಿಲ್ಲ. ಕೇಳುವ ದಿನ ನಾನು ಏನು ಮಾಡುತ್ತೇನೋ ನನಗೇ ಗೊತ್ತಿಲ್ಲ ಎಂದು ಅನಿಸಿದ್ದು ಆ ಹೊತ್ತಿನಲ್ಲಿ.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಅಣ್ಣನಿಗೆ ಫೋನ್ ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ ಅವರೇ, "ಹೊರಟಾಯ್ತು, ಉಡುಪಿ ದಾಟಿದೆ. ಹಿಂದಿನ ಸೀಟಿಗೆ ಎರಡು ದಿಂಬು ಹಾಕಿದ್ದೇನೆ, ಮಲಗಿಯೇ ಬರಬಹುದು. ಅವಳಿಗೆ ಹೇಳಿ," ಎಂದರು. ನನಗೆ ಹೇಳಲಾಗಲಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ನಿಂತೆ. ಅವರು ಕೈಯಲ್ಲಿ ಮದುವೆಯ ಸಿಹಿಯ ಪೊಟ್ಟಣ ಹಿಡಿದು ಇಳಿದು ಬಂದರು. ಅಕ್ಕ ಹೋದರು ಎಂದೆ. ಅವರು ಅಲ್ಲೇ ಮೆಟ್ಟಿಲ ಮೇಲೆ ಕುಸಿದು, ಇಷ್ಟು ದೊಡ್ಡ ಗಂಡಸು, ಎಲ್ಲರೂ ನೋಡುತ್ತಿದ್ದಂತೆ ಬಾಯಿ ಬಿಟ್ಟು ಅತ್ತರು. ಯಾವಾಗ ಎಂದು ಕೇಳಲಿಲ್ಲ. ಆ ಬೆಳಿಗ್ಗೆಯೇ ಎಂದುಕೊಂಡಿರಬೇಕು. ನಾನೂ ಹೇಳಲಿಲ್ಲ. ಕಾಗದಗಳಿಗೆಲ್ಲ ನಾನೇ ಸಹಿ ಹಾಕಿದೆ.

ಕಾಪುವಿನ ಮನೆಯ ಅಂಗಳದಲ್ಲಿ ಮದುವೆಯ ಚಪ್ಪರ ಇನ್ನೂ ಬಿಚ್ಚಿರಲಿಲ್ಲ. ಅಕ್ಕನನ್ನು ಅದರಡಿಯಿಂದಲೇ ಒಳಗೆ ತಂದು ಚಾವಡಿಯಲ್ಲಿ ಮಲಗಿಸಿದರು. ಕುಟುಂಬದವರು ಎಲ್ಲಿಂದೆಲ್ಲಿಂದಲೋ ಬಂದರು. ಕುಟುಂಬದ ಹೆಣ್ಣು ಹೋದದ್ದೆಂದು ಎಲ್ಲವನ್ನೂ ಕ್ರಮದಂತೆ ಮಾಡಿದರು, ಒಂದನ್ನೂ ಬಿಡಲಿಲ್ಲ. ತಡ ಮಾಡಬಾರದು ಎಂದು ಅತ್ತಿಗೆ ಅವಸರ ಮಾಡುತ್ತಿದ್ದರು. ಅಕ್ಕನ ತಣ್ಣನೆಯ ಕೈ ಮುಟ್ಟಿದಾಗಲೇ ಅವರಿಗೆ ಗೊತ್ತಾಗಿರಬೇಕು; ಅಲ್ಲಿ ಕಾರಣ ತಿಳಿದವರು ಅವರು ಮತ್ತು ನಾನು ಮಾತ್ರ. ಅಮ್ಮ ಇದ್ದ ಜಾಗದಲ್ಲಿ ಅಕ್ಕ ಇದ್ದದ್ದು ಮುಕ್ಕಾಲು ಗಂಟೆ.

ಉತ್ತರಕ್ರಿಯೆಯ ಬೊಜ್ಜ ಮುಗಿದು ವಾರವಾದ ಮೇಲೆ ಅಣ್ಣ ಆಫೀಸಿಗೆ ಬಂದರು. ಮರಣಪತ್ರ ನನ್ನ ಕೈಗೆ ಬಂದಿತ್ತು, ಅದನ್ನು ಒಯ್ಯಲು ಬಂದದ್ದು. ಕವರಿನಿಂದ ತೆಗೆದು ಓದಿದರು. ಇನ್ನೊಮ್ಮೆ ಓದಿದರು. ಆಮೇಲೆ ಬೆಂಚಿನ ತುದಿಯಲ್ಲಿ ಕೂತರು.

"ಇದರಲ್ಲಿ ಶುಕ್ರವಾರದ ತಾರೀಕು ಬರೆದದ್ದು ತಪ್ಪಲ್ವಾ?"

"ತಪ್ಪಲ್ಲ."

ಅವರು ಆ ತಾರೀಕಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದರು. "ನನಗೆ ಒಂದು ಮಾತು ಹೇಳ್ಬೇಕಿತ್ತು."

"ಹೇಳಬೇಡ ಅಂತ ಅಕ್ಕ ಮಾತು ತಕ್ಕೊಂಡಿದ್ದರು." ಅತ್ತಿಗೆಯ ಹೆಸರನ್ನು ನಾನು ಎತ್ತಲಿಲ್ಲ.

"ಶುಕ್ರವಾರ ಸಂಜೆ ಮೆಹಂದಿ ಇತ್ತು," ಎಂದರು. "ಡಿಜೆ ತರಿಸಿದ್ದೆವು. ಎಲ್ಲರೂ ಎಳೆದರು ಅಂತ ನಾನು ಕುಣಿದೆ. ಅವಳು ಅಲ್ಲಿ ಹೋಗಿ ಆಗಿತ್ತು, ನಾನು ಕುಣಿದೆ ಮಾರಾಯ್ತಿ."

ಅವರ ಮೇಲೆ ನನಗೆ ಕನಿಕರ ಬಂತು. ಬಂದದ್ದಕ್ಕೆ ನನ್ನ ಮೇಲೇ ಸಿಟ್ಟೂ ಬಂತು. ಅವರು ಕಾಗದ ಮಡಚಿ ಜೇಬಿಗೆ ಹಾಕಿಕೊಂಡು ಎದ್ದು ನಿಂತು, ಬಾಗಿಲ ತನಕ ಹೋಗಿ ತಿರುಗಿದರು.

"ಕೊನೆಗೆ ಎಂತಾದರೂ ಹೇಳಿದಳಾ?"

ಇಲ್ಲ ಎನ್ನಬಹುದಿತ್ತು. ಅಕ್ಕ ಇದ್ದಿದ್ದರೆ ಇಲ್ಲ ಎಂದೇ ಹೇಳು ಎನ್ನುತ್ತಿದ್ದರು. ನಾನು ಅಕ್ಕ ಅಲ್ಲ.

"ಗುರುವಾರ ರಾತ್ರಿ ಹೇಳಿದರು," ಎಂದೆ. "ಸೋಮವಾರ ಅಣ್ಣ ಬರ್ತಾನೆ, ಅವನನ್ನು ಕಾಯಿಸಬಾರದು, ಬೆಳಿಗ್ಗೆ ಬೇಗ ನನ್ನ ತಲೆ ಬಾಚಿ ಕೂರಿಸು ಅಂದರು."